ಸೋತರೇನಂತೆ, ಪಿಕ್ ಸಿಗುತ್ತದೆ

ಶನಿವಾರ ರಾತ್ರಿ ಮೆಲ್ಬರ್ನಿನ ವೆರಿಬೀ ರೈಲಿನಲ್ಲಿ ಎದುರು ಸೀಟಿನ ಮನುಷ್ಯ ಹೇಳಿದ ಮಾತೊಂದು ಇನ್ನೂ ತಲೆಯೊಳಗೆ ಕೊರೆಯುತ್ತಿದೆ. ಅವನ ಕೊರಳಲ್ಲೂ ನಮ್ಮಂತೆಯೇ ನೀಲಿ-ಬಿಳಿ ಪಟ್ಟೆಯ ಸ್ಕಾರ್ಫ್ ಇತ್ತು. ನಮ್ಮ ತಂಡ ನಾರ್ತ್ ಮೆಲ್ಬರ್ನ್ ಮತ್ತೆ ಸೋತಿತ್ತು. ನನ್ನ ಜೋಲು ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು. "ಸೋತರೇನಂತೆ, ಒಳ್ಳೆಯ ಪಿಕ್ ಸಿಗುತ್ತದೆ ಬಿಡಿ" ಎಂದ. ಹಾಗೆನ್ನುವಾಗ ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು, ಅದೇ ನನ್ನನ್ನು ಕೆರಳಿಸಿದ್ದು. ಸೋತ ದುಃಖವಾದರೂ ಸ್ವಲ್ಪ ಇರಬಾರದೇ?

ನನ್ನ ಫೂಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ಹುಚ್ಚು ನಿಮಗೆ ಹೊಸದಲ್ಲ. ಈ ಊರಿಗೆ ಬಂದ ಮೊದಲ ಚಳಿಗಾಲ, ಕೆನ್ಸಿಂಗ್ಟನ್‌ನ ಬಾಡಿಗೆ ಮನೆಯ ಮಾಲೀಕರು ಹಳೆಯ ನಾರ್ತ್ ಸ್ಕಾರ್ಫ್ ಒಂದನ್ನು ಕೊಟ್ಟರು. ಚಳಿ ತಡೆಯಲಾರದೆ ಸುತ್ತಿಕೊಂಡೆ, ಅಂದಿನಿಂದ ಅದು ಬಿಚ್ಚಲಿಲ್ಲ. ಬೇರೆ ಯಾವುದಾದರೂ ಕ್ಲಬ್ಬಿನ ಸ್ಕಾರ್ಫ್ ಕೊಟ್ಟಿದ್ದರೆ ಇವತ್ತು ಈ ಬರಹವೇ ಇರುತ್ತಿರಲಿಲ್ಲ. ಹಣೆಬರಹ.

ಊರಿನ ಗೆಳೆಯರಿಗಾಗಿ ಎರಡು ಮಾತು. ಇಲ್ಲಿನ ಫೂಟಿ ಲೀಗ್ ಎಎಫ್ಎಲ್‌ನಲ್ಲಿ 18 ತಂಡಗಳಿವೆ. ಪ್ರತಿ ನವೆಂಬರ್‌ನಲ್ಲಿ ಹದಿನೆಂಟರ ಹುಡುಗರ ಡ್ರಾಫ್ಟ್ ನಡೆಯುತ್ತದೆ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಆ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ, ಈ ಆಯ್ಕೆಯ ಸರದಿಯನ್ನೇ ಪಿಕ್ ಎನ್ನುತ್ತಾರೆ. ಹುಡುಗನಿಗೆ ತಾನು ಯಾವ ಊರಿಗೆ ಹೋಗುತ್ತೇನೆ ಎಂದು ಆರಿಸುವ ಹಕ್ಕಿಲ್ಲ. ಐಪಿಎಲ್ ಹರಾಜಿನಂತೆ ದುಡ್ಡು ಸುರಿದು ಕೊಳ್ಳುವಂತೆಯೂ ಇಲ್ಲ, ಎಲ್ಲ ಕ್ಲಬ್ಬಿಗೂ ಸಂಬಳದ ಮಿತಿ ಒಂದೇ. ಡ್ರಾಫ್ಟಿಗೆ ಮುಂಚೆ, ಅಕ್ಟೋಬರ್‌ನಲ್ಲಿ ಟ್ರೇಡ್: ಆಟಗಾರನನ್ನು ಕೊಟ್ಟು ಪಿಕ್ ತೆಗೆದುಕೊಳ್ಳಬಹುದು, ಪಿಕ್ ಕೊಟ್ಟು ಆಟಗಾರನನ್ನು ತರಬಹುದು. ಮುಂದಿನ ವರ್ಷದ ಪಿಕ್ಕನ್ನು ಈಗಲೇ ಮಾರಲೂಬಹುದು, ಕೊಯ್ಲಿಗೆ ಮುಂಚೆ ಫಸಲನ್ನು ಚೇಣಿಗೆ ಕೊಟ್ಟ ಹಾಗೆ. ದುರ್ಬಲ ತಂಡ ಮೇಲೇಳಲಿ ಎಂಬುದು ಇದರ ಉದ್ದೇಶ. ಒಳ್ಳೆಯದೇ. ಆದರೆ ಇದರಿಂದ ಹುಟ್ಟಿದ ರೋಗಕ್ಕೆ 'ರೀಬಿಲ್ಡ್' ಎಂಬ ಚಂದದ ಹೆಸರಿದೆ. ಹಳಬರನ್ನು ಕಳಿಸು, ಪಿಕ್ ಕೂಡಿಸು, ಎಳೆಯರನ್ನು ಗುಡ್ಡೆ ಹಾಕು, ಐದು ವರ್ಷ ತಾಳ್ಮೆಯಿಂದಿರಿ ಎಂದು ಬೆಂಬಲಿಗರಿಗೆ ಹೇಳು. ಸದಸ್ಯತ್ವದ ಹಣ ಮಾತ್ರ ಪ್ರತಿ ವರ್ಷವೂ ಪೂರ್ತಿ ಕಟ್ಟಬೇಕು. ಅದಕ್ಕೆ ಯಾರೂ ತಾಳ್ಮೆ ತೋರಿಸಿದ್ದು ಕಾಣೆ.

ಶನಿವಾರ ಕಂಡದ್ದು ಹೇಳುತ್ತೇನೆ. ಎರಡನೆಯ ಕ್ವಾರ್ಟರ್, ನಮ್ಮ ಸೀಟುಗಳ ಮುಂದೆಯೇ, ಬೌಂಡರಿ ಗೆರೆಯಿಂದ ಹತ್ತು ಹೆಜ್ಜೆ ಒಳಗೆ. ಹತ್ತೊಂಬತ್ತರ ಆಸುಪಾಸಿನ ನಮ್ಮ ಹುಡುಗ ಚೆಂಡಿಗಾಗಿ ಬಗ್ಗಿದ. ಪಕ್ಕದಿಂದ ಮೂವತ್ತರ ಆಳೊಬ್ಬ ಬಂದು ಸೊಂಟದಿಂದ ಒಂದೇ ಒಂದು ತಳ್ಳು ತಳ್ಳಿದ. ನಿಯಮಕ್ಕೆ ಪೂರ್ತಿ ಒಳಪಟ್ಟ ತಳ್ಳು, ಅಂಪೈರ್ ಸೀಟಿ ಊದಲಿಲ್ಲ. ಹುಡುಗ ಒಣಗಲು ಹಾಕಿದ ಟವೆಲ್ ಗಾಳಿಗೆ ಹಾರಿದಂತೆ ಗೆರೆಯಾಚೆ ಬಿದ್ದ. ಎದ್ದಾಗ ಅವನ ತೋಳು ಕಂಡಿತು. ನನ್ನ ಅಕ್ಕನ ಮಗ, ಎಂಜಿನಿಯರಿಂಗ್ ಎರಡನೆಯ ವರ್ಷದವನು, ಅವನ ತೋಳಿಗೂ ಇದಕ್ಕೂ ವ್ಯತ್ಯಾಸವಿರಲಿಲ್ಲ. ನಾಲ್ಕು ಸಾಲು ಹಿಂದಿನಿಂದ ಒಬ್ಬ ನಮ್ಮದೇ ಸ್ಕಾರ್ಫ್ ಹಾಕಿಕೊಂಡು, "ವಾಪಸ್ ಶಾಲೆಗೆ ಕಳಿಸಿ ಇವನನ್ನು" ಎಂದು ಕಿರುಚಿದ. ಹುಡುಗನಿಗೆ ಕೇಳಿಸಿತು, ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಅವನನ್ನು ಇಷ್ಟು ಬೇಗ ಅಲ್ಲಿ ನಿಲ್ಲಿಸಿದವರು ಮಾತ್ರ ಮೇಲೆ ಗಾಜಿನ ಕೋಣೆಯಲ್ಲಿ ಬೆಚ್ಚಗೆ ಕೂತಿದ್ದರು.

ಅಪ್ಪ ತೀರ್ಥಹಳ್ಳಿಯ ತೋಟದಲ್ಲಿ ಅಡಿಕೆ ಸಸಿ ನೆಡುವಾಗ ಮೊದಲು ಬಾಳೆ ಹಾಕುತ್ತಿದ್ದರು. ಬಾಳೆಯ ನೆರಳಿಲ್ಲದಿದ್ದರೆ ಪಡುವಣ ಬಿಸಿಲಿಗೆ ಸಸಿಯ ಎಲೆ ಸುಟ್ಟು ಹೋಗುತ್ತದೆ. ಎಂಥ ಉತ್ತಮ ತಳಿಯ ಸಸಿಯಾದರೂ ಅಷ್ಟೇ. ನಮ್ಮ ಕ್ಲಬ್ಬು ಮಾಡಿದ್ದೇನು? ಬಾಳೆಯನ್ನೆಲ್ಲ ಕಡಿದು ಹಾಕಿ, ಖಾಲಿ ಬಯಲಿನಲ್ಲಿ ಸಸಿ ನೆಟ್ಟು, ಯಾಕೆ ಏಳುತ್ತಿಲ್ಲ ಎಂದು ಸಮಿತಿ ಸಭೆ ಕರೆದರು.

ಕಡಿದದ್ದಕ್ಕೆ ಲೆಕ್ಕವಿದೆ. 2016ರ ಆಗಸ್ಟ್‌ನಲ್ಲಿ ಬ್ರೆಂಟ್ ಹಾರ್ವೆ, ಡ್ರೂ ಪೆಟ್ರಿ, ನಿಕ್ ಡಾಲ್ ಸ್ಯಾಂಟೊ, ಮೈಕಲ್ ಫಿರಿಟೊ ನಾಲ್ವರು ಹಿರಿಯ ಆಟಗಾರರಿಗೂ ಮುಂದಿನ ವರ್ಷದ ಕರಾರು ಇಲ್ಲ ಎಂದು ಒಟ್ಟಿಗೇ ಹೇಳಿದರು. ಹಾರ್ವೆ ಆಡಿದ್ದು 432 ಪಂದ್ಯ. ವಯಸ್ಸು 38 ನಿಜ, ಆದರೆ ನಾಲ್ವರನ್ನೂ ಒಂದೇ ಏಟಿಗೆ? 2020ರಲ್ಲಿ ಇನ್ನೂ ಉತ್ಸಾಹ ಬಂದು ಒಂದೇ ದಿನ 11 ಆಟಗಾರರನ್ನು ಪಟ್ಟಿಯಿಂದ ತೆಗೆದರು. ಅದೇ ಟ್ರೇಡ್ ಅವಧಿಯಲ್ಲಿ ಬೆನ್ ಬ್ರೌನ್‌ನನ್ನು ಮೆಲ್ಬರ್ನ್ ತಂಡಕ್ಕೆ ಕೊಟ್ಟರು. 2017, 2018, 2019 ಮೂರೂ ವರ್ಷ ಅರವತ್ತಕ್ಕೂ ಹೆಚ್ಚು ಗೋಲು ಹೊಡೆದವನನ್ನು! ಮರುವರ್ಷ ಅವನು ಅದೇ ಮೆಲ್ಬರ್ನ್ ಪರ ಗ್ರ್ಯಾಂಡ್ ಫೈನಲ್‌ನಲ್ಲಿ ಮೂರು ಗೋಲು ಹೊಡೆದು, 57 ವರ್ಷ ಕಾದಿದ್ದ ಕ್ಲಬ್ಬಿನ ಕಪ್ ಎತ್ತಿದ. ನಾವು ಕೊನೆಯ ಸ್ಥಾನದಲ್ಲಿ ಕೂತು ಟಿವಿಯಲ್ಲಿ ನೋಡಿದೆವು. ಆ ಗುಂಗುರು ಕೂದಲನ್ನು ಕಂಡು ನನ್ನ ಮಗಳು, "ಅಪ್ಪ, ಇವನು ನಮ್ಮವನಲ್ಲವೇ?" ಎಂದಳು. ಏನು ಹೇಳಲಿ? ಹಿತ್ತಲ ಗಿಡ ಮದ್ದಲ್ಲ ಕಂದಾ, ಎಂದೆ.

2020ರಿಂದ 2024ರವರೆಗೆ ಐದು ಸೀಸನ್‌ಗಳಲ್ಲಿ ನಾವು ಗೆದ್ದದ್ದು 15 ಪಂದ್ಯ. ಒಂದು ಸೀಸನ್‌ನದ್ದಲ್ಲ, ಐದೂ ಸೇರಿ.

ಈಗ ತಪ್ಪೊಪ್ಪಿಗೆ. ರೈಲಿನ ಮನುಷ್ಯನ ಮೇಲೆ ಇಷ್ಟು ಸಿಟ್ಟು ಬರಲು ಕಾರಣ, ನಾನೂ ಅವನೇ ಆಗಿದ್ದೆ. 2021ರಲ್ಲಿ ಕೊನೆಯ ಸ್ಥಾನ ಬಂದು ಮೊದಲ ಪಿಕ್ ನಮಗೆ ಎಂದಾಗ ಒಳಗೊಳಗೇ ಕುಣಿದಿದ್ದೆ. ಡ್ರಾಫ್ಟ್ ರಾತ್ರಿ ಹೆಂಡತಿಯಿಂದ ಕೇಸರಿಬಾತ್ ಮಾಡಿಸಿದ್ದೆ. ಜೇಸನ್ ಹಾರ್ನ್-ಫ್ರಾನ್ಸಿಸ್ ಹೆಸರು ಕರೆದಾಗ ಚಮಚ ಎತ್ತಿ ಜೈಕಾರ ಹಾಕಿದ್ದೆ. ಒಂದೇ ಸೀಸನ್. ತಂಡ ಎರಡು ಪಂದ್ಯ ಗೆದ್ದಿತು, ಕೋಚ್ ನಡುವಿನಲ್ಲೇ ಹೋದರು, ವರ್ಷದ ಕೊನೆಗೆ ಹುಡುಗ ಅಡಿಲೇಡಿಗೆ ವಾಪಸ್ ಹೋಗುತ್ತೇನೆ ಎಂದು ಪೋರ್ಟ್ ಅಡಿಲೇಡ್ ಸೇರಿದ. ಇದೇ ಗೋಡೆಯ ಮೇಲೆ ಆಗ ನಾನು ಬರೆದದ್ದು ನಿಮಗೆ ನೆನಪಿರಬಹುದು. ನೆನಪಿಲ್ಲದಿದ್ದರೆ ಹುಡುಕಬೇಡಿ, ಅಳಿಸಿದ್ದೇನೆ. ಹದಿನೆಂಟಕ್ಕೇ ಮನೆ ಬಿಟ್ಟು ಬಂದ ಹುಡುಗನಿಗೆ ಹಾಗೆ ಬೈಯಬಾರದಿತ್ತು. ಅದೇ ವಯಸ್ಸಿಗೆ ಶಿವಮೊಗ್ಗದ ಹಾಸ್ಟೆಲ್ ಸೇರಿದ ನಾನು ಹನ್ನೊಂದನೆಯ ದಿನ ರಾತ್ರಿ ಬಸ್ ಹತ್ತಿ ಮನೆಗೆ ಓಡಿಬಂದವನು. ಅವ್ವನ ಎದುರು ಕೂತು ಅತ್ತಿದ್ದೆ. ನನ್ನ ಮೇಲೆ ಒಂದು ಕ್ಲಬ್ಬಿನ ಐವತ್ತು ಸಾವಿರ ಸದಸ್ಯರ ಕಣ್ಣೂ ಇರಲಿಲ್ಲ.

"ಹಾಗಾದರೆ ಹಾಥಾರ್ನ್?" ಎಂದು ಕೇಳುವವರಿದ್ದೀರಿ. ಗೊತ್ತು, ಕಮೆಂಟ್ ಹಾಕಲು ಬೆರಳು ತುರಿಸುತ್ತಿದೆ. ರೀಬಿಲ್ಡ್ ಭಕ್ತರ ಪಾಲಿಗೆ ಆ ಕ್ಲಬ್ಬಿನ ಕಥೆಯೇ ಸ್ಥಳಪುರಾಣ. 2001ರಲ್ಲಿ ಟ್ರೆಂಟ್ ಕ್ರೋಡ್ ಮತ್ತು ಲೂಕ್ ಮೆಕ್‌ಫಾರ್ಲಿನ್‌ರನ್ನು ಫ್ರೀಮ್ಯಾಂಟಲ್‌ಗೆ ಕೊಟ್ಟು 1, 20, 36ನೇ ಪಿಕ್ ಪಡೆದರು. ಒಂದಕ್ಕೆ ಲೂಕ್ ಹಾಜ್ ಬಂದ, ಮೂವತ್ತಾರಕ್ಕೆ ಸ್ಯಾಮ್ ಮಿಚೆಲ್ ಬಂದ. 2004ರಲ್ಲಿ 2, 5, 7ನೇ ಪಿಕ್‌ಗಳಲ್ಲಿ ರಫ್‌ಹೆಡ್, ಫ್ರ್ಯಾಂಕ್ಲಿನ್, ಲೂಯಿಸ್. 2008ರಲ್ಲಿ ಕಪ್, ಮತ್ತೆ 2013, 2014, 2015 ಸತತ ಮೂರು. ಒಪ್ಪಿದೆ, ಕೈಮುಗಿದೆ. ಆದರೆ ಪುರಾಣ ಹೇಳುವವರು ಅರ್ಧ ಅಧ್ಯಾಯ ನುಂಗುತ್ತಾರೆ. 2008ರ ಆ ಎಳೆಯರ ತಂಡದಲ್ಲಿ 34 ವರ್ಷದ ಶೇನ್ ಕ್ರಾಫರ್ಡ್ ಇದ್ದ, ಅದು ಅವನ 305ನೇ, ಕೊನೆಯ ಪಂದ್ಯ. ಮಾರಿದ್ದ ಕ್ರೋಡ್‌ನನ್ನೇ ಎರಡು ವರ್ಷಕ್ಕೆ ವಾಪಸ್ ತಂದಿದ್ದರು, ಅವನೂ ಆ ಫೈನಲ್ ಆಡಿದ. 2013ರ ಗ್ರ್ಯಾಂಡ್ ಫೈನಲ್‌ನ ಶ್ರೇಷ್ಠ ಆಟಗಾರ ಯಾರು? ವೆಸ್ಟರ್ನ್ ಬುಲ್‌ಡಾಗ್ಸ್‌ನಿಂದ ತಂದ, 31 ವರ್ಷದ ಬ್ರಯನ್ ಲೇಕ್. ಪೋರ್ಟ್ ಅಡಿಲೇಡ್‌ನಿಂದ ತಂದ ಶಾನ್ ಬರ್ಗಾಯ್ನ್ ಬೇರೆ. ಹಾಥಾರ್ನ್ ಸಸಿಯನ್ನೂ ನೆಟ್ಟಿತು, ಬಾಳೆಯನ್ನೂ ನೆಟ್ಟಿತು. ಜನ ಸಸಿಯನ್ನಷ್ಟೇ ನೆನಪಿಟ್ಟುಕೊಂಡರು.

ಬರೀ ಪಿಕ್‌ನಿಂದ ಕಪ್ ಬರುವುದಿದ್ದರೆ ಕಾರ್ಲ್ಟನ್ ಕ್ಲಬ್ಬಿನ ಕಪಾಟು ತುಂಬಿರಬೇಕಿತ್ತು. 2005, 2006, 2007 ಮೂರು ವರ್ಷ ಸಾಲಾಗಿ ಮೊದಲ ಪಿಕ್: ಮರ್ಫಿ, ಗಿಬ್ಸ್, ಕ್ರೂಜರ್. ಸಾಲದೆಂದು 2015ರಲ್ಲಿ ವೈಟರಿಂಗ್, 2018ರಲ್ಲಿ ವಾಲ್ಶ್. ಕೊನೆಯ ಕಪ್ 1995ರದ್ದು. ಗೋಲ್ಡ್ ಕೋಸ್ಟ್ ಹೇಳಲೇಬೇಡಿ, 2011ರಲ್ಲಿ ಹುಟ್ಟಿದ ತಂಡ 2024ರವರೆಗೆ 14 ಸೀಸನ್ ಆಡಿ ಒಮ್ಮೆಯೂ ಫೈನಲ್ಸ್ (ಅಂದರೆ ಪ್ಲೇಆಫ್) ಮುಖ ನೋಡಲಿಲ್ಲ.

ಮೆಲ್ಬರ್ನ್ ತಂಡದ್ದಂತೂ ಕಥೆಯೇ. 2009ರ ಡ್ರಾಫ್ಟಿನಲ್ಲಿ ಮೊದಲ ಎರಡು ಪಿಕ್ ಅವರದೇ. ಆ ಸೀಸನ್‌ನಲ್ಲಿ ಬೇಕೆಂದೇ ಸೋತರು ಎಂಬ ದೂರಿಗೆ ವಿಚಾರಣೆ ನಡೆದು, ಬೇಕೆಂದು ಸೋತದ್ದು ಸಾಬೀತಾಗಲಿಲ್ಲ ಎನ್ನುತ್ತಲೇ 2013ರಲ್ಲಿ ಲೀಗ್ 5 ಲಕ್ಷ ಡಾಲರ್ ದಂಡ ಹಾಕಿತು. (ಕಳ್ಳನಲ್ಲ, ಆದರೂ ಜೇಬು ಖಾಲಿ ಮಾಡು ಎಂದಂತೆ.) ಮೊದಲ ಪಿಕ್ ಟಾಮ್ ಸ್ಕಲಿ ಎರಡೇ ವರ್ಷಕ್ಕೆ ಹೊಸ ತಂಡ ಜಿಡಬ್ಲ್ಯುಎಸ್‌ಗೆ ಹೋದ. ಎರಡನೆಯವನು ಜಾಕ್ ಟ್ರೆಂಗೋವ್, ಅವನನ್ನು 20ನೇ ವಯಸ್ಸಿಗೇ ಜಂಟಿ ನಾಯಕನನ್ನಾಗಿ ಮಾಡಿ ಮುಳುಗುವ ದೋಣಿಯ ಹುಟ್ಟು ಕೈಗೆ ಕೊಟ್ಟರು. ಆಮೇಲೆ ಪಾದದ ಗಾಯ. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ ಎನ್ನುತ್ತದೆ, ನನ್ನ ತಂಡದವನಲ್ಲದಿದ್ದರೂ. ಮೂರನೆಯ ಪಿಕ್‌ನಲ್ಲಿ ರಿಚ್ಮಂಡ್ ಎತ್ತಿಕೊಂಡದ್ದು ಡಸ್ಟಿನ್ ಮಾರ್ಟಿನ್‌ನನ್ನು. ಮೂರು ಕಪ್, ಗ್ರ್ಯಾಂಡ್ ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕವೂ ಮೂರು. ಇನ್ನೂ ತಮಾಷೆ ಕೇಳಿ: 2021ರಲ್ಲಿ ಮೆಲ್ಬರ್ನ್‌ಗೆ ಕಪ್ ತಂದ ನಾಯಕ ಮ್ಯಾಕ್ಸ್ ಗಾನ್ ಕೂಡ ಅದೇ 2009ರ ಡ್ರಾಫ್ಟಿನವನು, ಅವರು ಅವನನ್ನು ಆರಿಸಿದ್ದು 34ನೇ ಪಿಕ್‌ನಲ್ಲಿ. ಸೋತು ಸಂಪಾದಿಸಿದ ಒಂದು ಮತ್ತು ಎರಡನೆಯ ಪಿಕ್ ಎರಡೂ ಕೈಬಿಟ್ಟವು, ಯಾರೂ ಕೇಸರಿಬಾತ್ ಮಾಡಿಸದ ಪಿಕ್ ಕೈ ಹಿಡಿಯಿತು.

ನಮ್ಮ ಆರ್‌ಸಿಬಿ 18ನೇ ಸೀಸನ್‌ಗೆ ಕಪ್ ಗೆದ್ದಾಗಲೂ ಇದೇ ಯೋಚನೆ ಬಂದಿತ್ತು. (ಮರುದಿನ ಚಿನ್ನಸ್ವಾಮಿ ಎದುರು ನಡೆದದ್ದನ್ನು ನೆನೆದರೆ ಕಪ್ಪಿನ ಮಾತೇ ಬಾಯಿಗೆ ಬರುವುದಿಲ್ಲ.) ಆ ಫೈನಲ್‌ನ ಪಂದ್ಯಶ್ರೇಷ್ಠ 34 ವರ್ಷದ ಕೃಣಾಲ್ ಪಾಂಡ್ಯ. ಹರಾಜಿನ ದಿನ ಅವನ ಹೆಸರಿಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೂ ಪಟಾಕಿ ಹಚ್ಚಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ನಮ್ಮವರಿಗೂ ಈಗೀಗ ಬುದ್ಧಿ ಬಂದಂತಿದೆ. ಕೋಚ್ ಅಲಸ್ಟೇರ್ ಕ್ಲಾರ್ಕ್‌ಸನ್, ಹಾಥಾರ್ನ್‌ಗೆ ಆ ನಾಲ್ಕು ಕಪ್ ತಂದ ಅದೇ ಆಸಾಮಿ. 2024ರ ಅಕ್ಟೋಬರ್‌ನಲ್ಲಿ ಲೂಕ್ ಪಾರ್ಕರ್, ಜಾಕ್ ಡಾರ್ಲಿಂಗ್, ಕೇಲಬ್ ಡ್ಯಾನಿಯಲ್ ಬಂದರು. ಮೊದಲಿಬ್ಬರು ಆಗಲೇ ಮೂವತ್ತು ದಾಟಿದವರು, ಡ್ಯಾನಿಯಲ್ ಇಪ್ಪತ್ತೆಂಟರವನು, ಮೂವರ ಬಳಿಯೂ ಬೇರೆ ಕ್ಲಬ್ಬಿನಲ್ಲಿ ಗೆದ್ದ ಒಂದೊಂದು ಕಪ್ಪಿನ ಪದಕವಿದೆ. "ಮುದುಕರನ್ನು ಯಾಕೆ ತಂದರು, ಎಳೆಯರ ಜಾಗ ಹೋಯಿತು" ಎಂದು ಆಗ ಗೊಣಗಿದವರ ಪಟ್ಟಿ ನನ್ನ ಬಳಿ ಇದೆ. ನಮ್ಮ ಎಳೆಯ ಹ್ಯಾರಿ ಶೀಜಲ್ ಮೊದಲ ವರ್ಷವೇ ಲೀಗ್‌ನ ಉದಯೋನ್ಮುಖ ಆಟಗಾರ, ಕ್ಲಬ್ಬಿನ ಶ್ರೇಷ್ಠ ಆಟಗಾರ ಎರಡೂ ಆದವನು. ಅಂಥವನೂ ಎಷ್ಟು ದಿನ ಒಬ್ಬನೇ ಬಿಸಿಲು ಕುಡಿಯಬೇಕು?

ಶನಿವಾರ ಟವೆಲ್‌ನಂತೆ ಹಾರಿದ ಆ ಹುಡುಗನ ಹತ್ತಿರ ಹಿರಿಯರೊಬ್ಬರು ಬಂದದ್ದನ್ನೂ ಹೇಳಬೇಕು. ಬೈಯಲಿಲ್ಲ, ಬೆನ್ನು ತಟ್ಟಲೂ ಇಲ್ಲ. ಅವನ ಸೊಂಟ ಹಿಡಿದು ಅರ್ಧ ತಿರುಗಿಸಿ, ಕಾಲನ್ನು ಕಾಲಿನಿಂದ ಸರಿಸಿ, ಹೇಗೆ ನಿಂತು ಬಗ್ಗಬೇಕು ಎಂದು ತೋರಿಸಿದರು. ಐದು ಸೆಕೆಂಡಿನ ಕೆಲಸ. ಕೊನೆಯ ಕ್ವಾರ್ಟರ್‌ನಲ್ಲಿ ಅಂಥದೇ ಇನ್ನೊಂದು ಚೆಂಡು ಬಂತು. ಪಕ್ಕದಿಂದ ತಳ್ಳು ಬಿತ್ತು, ಹುಡುಗ ಬೀಳಲಿಲ್ಲ. ಆ ಹೊತ್ತಿಗೆ ಪಂದ್ಯ ಕೈಬಿಟ್ಟಾಗಿತ್ತು, ಕಿರುಚಿದ್ದ ಮಹಾಶಯ ಎದ್ದು ಹೋಗಿದ್ದ. ನಾನು ಮತ್ತು ಮಗಳು ಮಾತ್ರ ಹುಚ್ಚರಂತೆ ಚಪ್ಪಾಳೆ ತಟ್ಟಿದೆವು.

ಮತ್ತೆ ರೈಲು. ಪಿಕ್ ಸಿಗುತ್ತದೆ ಎಂದು ನಗುತ್ತಿದ್ದ ಮನುಷ್ಯ, 2025ರ ಡ್ರಾಫ್ಟಿನಲ್ಲಿ ಎಂಥೆಂಥ ಹುಡುಗರಿದ್ದಾರೆ ಎಂದು ಮೊಬೈಲಿನಲ್ಲಿ ವಿಡಿಯೋ ತೋರಿಸತೊಡಗಿದ. ನಮ್ಮ ಮೊದಲ ಸುತ್ತಿನ ಪಿಕ್‌ಗೆ ಯಾರನ್ನು ತೆಗೆದುಕೊಳ್ಳಬೇಕು ಎಂದು ನನ್ನ ಸಲಹೆ ಕೇಳಿದ. ಮಗಳು ನನ್ನ ತೋಳು ಜಗ್ಗಿ ಕನ್ನಡದಲ್ಲಿ, "ಅಪ್ಪ, ಆ ಪಿಕ್ಕನ್ನು ಹೋದ ವರ್ಷ ಡ್ರಾಫ್ಟ್ ರಾತ್ರಿಯೇ ರಿಚ್ಮಂಡಿಗೆ ಮಾರಿ ಆಯಿತಲ್ಲ, ಪಾಪ ಇವರಿಗೆ ಗೊತ್ತಿಲ್ಲವೇ?" ಎಂದಳು.

ಅವನು ನಗುತ್ತಲೇ, ಹುಡುಗಿ ಏನೆನ್ನುತ್ತಿದ್ದಾಳೆ ಎಂದು ಕೇಳಿದ.

ಹಸಿವಾಗಿದೆಯಂತೆ, ಎಂದೆ.