ಘಾಟಿಯಲ್ಲಿ ಮಕ್ಕಳು ಮಾಡುವ ‘ಹಠ’

ರಜೆ ಬಂತೆಂದರೆ ಚಿಕ್ಕಮಗಳೂರಿನ ಕಾರುಗಳೆಲ್ಲ ಚಾರ್ಮಾಡಿ ಇಳಿದು ಧರ್ಮಸ್ಥಳದ ಕಡೆ. ಮೂಡಿಗೆರೆವರೆಗೆ ನಗುತ್ತಿದ್ದ ಮಗು ಕೊಟ್ಟಿಗೆಹಾರ ದಾಟುತ್ತಲೇ ರಚ್ಚೆ ಹಿಡಿಯುತ್ತದೆ. ಅಪ್ಪ ಗದರುತ್ತಾರೆ, ಅಮ್ಮ ಮೊಬೈಲ್ ಕೊಡುತ್ತಾರೆ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ವಾಂತಿ.

ಅದು ಹಠವಲ್ಲ ಮಾರಾಯ್ರೆ, ಹೊಟ್ಟೆ ತೊಳಸುವ ಸಂಕಟ. ಮೈ ವಾಲುತ್ತಿದೆ ಎಂದು ಒಳಕಿವಿ ಹೇಳುತ್ತದೆ, ಕಣ್ಣು ಮಾತ್ರ ಅಲುಗದ ಪರದೆಗೆ ಅಂಟಿರುತ್ತದೆ. ಎರಡೂ ತಾಳೆಯಾಗದೆ ತಲೆ ಸುತ್ತುತ್ತದೆ. 2ರಿಂದ 12 ವರ್ಷದೊಳಗಿನವರಿಗೆ ಈ ಕಾಟ ಹೆಚ್ಚು. ಸುಮ್ಮನಾಗಿಸಲು ಕೊಟ್ಟ ಮೊಬೈಲೇ ವಾಂತಿ ತರಿಸುವುದು.

ಮುನ್ಸೂಚನೆ ಇದ್ದೇ ಇರುತ್ತದೆ. ಮೇಲಿಂದ ಮೇಲೆ ಆಕಳಿಕೆ, ಪದೇ ಪದೇ ಎಂಜಲು ನುಂಗುವುದು, ಬಿಳಿಚಿದ ತುಟಿ, ಹಣೆಯಲ್ಲಿ ತಣ್ಣನೆಯ ಬೆವರು. ವಟಗುಟ್ಟುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೌನವಾಯಿತೆಂದರೆ ‘ಈಗ ಬುದ್ಧಿ ಬಂತು’ ಅಂದುಕೊಳ್ಳಬೇಡಿ. ಕಿಟಕಿ ಇಳಿಸಿ, ಜಾಗ ಅಗಲವಿದ್ದ ಕಡೆ ಗಾಡಿ ನಿಲ್ಲಿಸಿ, ಐದು ನಿಮಿಷ ನಡೆಸಿ.

ಕೊಟ್ಟಿಗೆಹಾರದ ನೀರುದೋಸೆಗೆ ಯಾರೂ ಬೇಡ ಅನ್ನುವುದಿಲ್ಲ. ಮಗುವಿಗೆ ಎರಡು ಸಾಕು; ಮೇಲೊಂದು ಲೋಟ ಹಾಲು ಬೇಡವೇ ಬೇಡ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಕಾರಿನಲ್ಲಿ ನೇತುಹಾಕಿದ ಸೆಂಟ್ ಡಬ್ಬಿ ಹಿಂದಿನ ದಿನವೇ ತೆಗೆದಿಡಿ. ವಾಂತಿ ಮಾತ್ರೆ ಡಾಕ್ಟರನ್ನು ಕೇಳಿಯೇ ಕೊಡಬೇಕು, ಅದೂ ಹೊರಡುವ ಮೊದಲು. ವಾಂತಿ ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಆಚೆ ಬರುತ್ತದೆ.

ಇನ್ನು ಕೂರುವ ಜಾಗ. ಗಿಡ್ಡ ಮಗುವಿಗೆ ಹಿಂದಿನ ಸೀಟಿನಿಂದ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ. ಮಗುವನ್ನು ಎತ್ತರಕ್ಕೆ ಕೂರಿಸುವ ಬೂಸ್ಟರ್ ಸೀಟ್ ಹಾಕಿದರೆ ಎದುರಿನ ರಸ್ತೆ ಕಾಣುತ್ತದೆ, ಬೆಲ್ಟೂ ಕುತ್ತಿಗೆ ಕೊಯ್ಯದೆ ಹೆಗಲ ಮೇಲೆ ಕೂರುತ್ತದೆ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ಪ್ರೀತಿ ಬಿಟ್ಟುಬಿಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಪೆಟ್ಟು ಮೊದಲು ಮಗುವಿಗೇ. 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೆ 1000 ರೂಪಾಯಿ ದಂಡವೂ ಇದೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದದ್ದು.

ಮಕ್ಕಳನ್ನು ಬೈಯುವ ಮೊದಲು ಸ್ಟೇರಿಂಗ್ ಹಿಡಿದವರಿಗೂ ಒಂದು ಮಾತು. ಬ್ರೇಕ್ ಒತ್ತುವುದು ತಿರುವಿಗೆ ಮೊದಲು, ತಿರುವಿನ ನಡುವೆ ಅಲ್ಲ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಬಿಡಿ.

ಚಾರ್ಮಾಡಿಯ ಮಂಗಗಳಿಗೆ ಚಿಪ್ಸ್ ಪೊಟ್ಟಣ ದೂರದಿಂದಲೇ ಕಾಣುತ್ತದೆ. ಗಾಡಿ ನಿಂತಾಗ ತಿಂಡಿ ಡಿಕ್ಕಿಯಲ್ಲಿರಲಿ, ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇರಲಿ. ವಾಂತಿಗೆ ಎರಡು ಕವರ್ ಒಂದರೊಳಗೊಂದು ಹಾಕಿ, ತಳಕ್ಕೆ ಹಳೇ ಪೇಪರ್ ಮುದುರಿಟ್ಟು, ಸೀಟಿನ ಹಿಂದಿನ ಜೇಬಿನಲ್ಲಿ ಕೈಗೆ ಸಿಗುವಂತೆ ಇಡಿ. ಮೊದಲೇ ಊದಿ ನೋಡಿ, ತೂತಿದ್ದರೆ ಗೊತ್ತಾಗುತ್ತದೆ.