ಸ್ಪಷ್ಟನೆ: ಎಲ್ಲ ಟ್ಯಾಂಕಿನ ಟ್ರ್ಯಾಕೂ ಜೋತು ಬೀಳುವುದಿಲ್ಲ

"ಯಾವ ಟ್ಯಾಂಕ್ ಮಾಡೆಲ್ ಆದರೂ ಟ್ರ್ಯಾಕಿನ (ಚಕ್ರಗಳನ್ನು ಸುತ್ತುವ ಕೊಂಡಿಗಳ ಪಟ್ಟಿ) ಮೇಲ್ಭಾಗ ಜೋತು ಬಿದ್ದಿರಬೇಕು" ಅನ್ನುವ ಮಾತು ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಜೋಡಿಸುವ ಮಂಗಳೂರಿನ ಗೆಳೆಯರಲ್ಲಿ ಓಡಾಡುತ್ತಿದೆ. ಇದು ಅರ್ಧ ಸರಿ ಅಷ್ಟೆ. ಎರಡನೇ ಮಹಾಯುದ್ಧದ ಟಿ-34, ಟೈಗರ್ ಟ್ಯಾಂಕ್‌ಗಳಲ್ಲಿ ಟ್ರ್ಯಾಕನ್ನು ಮೇಲೆ ಹೊರುವ ಸಣ್ಣ ರೋಲರ್‌ಗಳಿಲ್ಲ. ಭಾರದ ಉಕ್ಕಿನ ಪಟ್ಟಿ ಜೋತು ಬಿದ್ದು ದೊಡ್ಡ ಚಕ್ರಗಳ ಮೇಲೆಯೇ ಬಂದು ಕೂರುತ್ತದೆ. ಅದೇ ಕಾಲದ ಶರ್ಮನ್ ಟ್ಯಾಂಕ್ ಹಾಗಲ್ಲ. ಅದರ ಕೊಂಡಿಗಳ ಪಿನ್ನಿಗೆ ರಬ್ಬರ್ ಇರುತ್ತದೆ, ಮೇಲೆ ರೋಲರ್‌ಗಳೂ ಇವೆ. ಹಾಗಾಗಿ ಟ್ರ್ಯಾಕ್ ಬಿಗಿಯಾಗಿಯೇ ನಿಲ್ಲುತ್ತದೆ.

ಮೊನ್ನೆ ಕದ್ರಿಯಲ್ಲಿ ಗೆಳೆಯರೊಬ್ಬರು ಶರ್ಮನ್ ಟ್ರ್ಯಾಕಿನ ಮೇಲೆ ಸ್ಪಂಜ್ ತುರುಕಿ ಬಗ್ಗಿಸುತ್ತಿದ್ದರು. ಸುಮ್ನೆ ಶ್ರಮ, ಅಲ್ವಾ? ಅದನ್ನು ಟೈಗರ್‌ಗೆ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕೊಂಡಿಗಳಿಗೆ ಅಂಟು ಹಚ್ಚಿ ಅರ್ಧ ಗಂಟೆ ಬಿಡಿ. ಇನ್ನೂ ಬಾಗುವಂತಿರುವಾಗಲೇ ಚಕ್ರಕ್ಕೆ ಸುತ್ತಿ, ಸ್ಪಂಜಿನಿಂದ ಒತ್ತಿ ಹಿಡಿದು ಒಣಗಲು ಬಿಡಿ.