ದಿನಬಳಕೆಯ ಕಂಪ್ಯೂಟರ್, ಫೋನಿಗೆ ಮುಕ್ತ ತಂತ್ರಾಂಶವೇ ಇರಬೇಕೇ?

ಪರ: ಕೊಂಡ ಯಂತ್ರ ನಮ್ಮದಾಗಿಯೇ ಉಳಿಯಲಿ
ಪ್ರೌಢಶಾಲೆ ಶಿಕ್ಷಕಿ, ಹೊಸನಗರ ತಾಲ್ಲೂಕು

ಮುಕ್ತ ತಂತ್ರಾಂಶ ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ತಂತ್ರಾಂಶ. ಅದು ಯಾಕೆ ಬೇಕು ನೋಡಿ: ಮೈಕ್ರೋಸಾಫ್ಟ್‌ನ ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್ ಕಂಪನಿಯ ಪಟ್ಟಿಯಲ್ಲಿರಬೇಕು. ಮಲೆನಾಡಿನ ಶಾಲೆ, ಸಹಕಾರ ಸಂಘ, ಅಡಿಕೆ ಮಂಡಿಗಳಲ್ಲಿರುವ ಹಳೆಯ ಕಂಪ್ಯೂಟರ್‌ಗಳಲ್ಲಿ ಎಷ್ಟೋ ಆ ಪಟ್ಟಿಯ ಹೊರಗೆ ಉಳಿಯುತ್ತವೆ. ಪರದೆ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, ಒಳಗೆ ಏನೂ ಕೆಟ್ಟಿಲ್ಲ. ಅಂಥದ್ದನ್ನು ಗುಜರಿಗೆ ಹಾಕೋದು ಅನ್ಯಾಯ ಅಲ್ವಾ?

ಅದೇ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಮುಕ್ತ ಸಿಸ್ಟಂ ಹಾಕಿ ನೋಡಿ. 4 ಜಿಬಿ ರ‍್ಯಾಮ್ ಇದ್ದರೆ ಸಾಕು. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಒಳಗಿರುವ ಫೈಲ್‌ಗಳನ್ನು ಅದು ಮುಟ್ಟುವುದಿಲ್ಲ. ಬರೆಯೋಕೆ, ಲೆಕ್ಕಕ್ಕೆ ಲಿಬ್ರೆಆಫೀಸ್, ಇಂಟರ್‌ನೆಟ್‌ಗೆ ಫೈರ್‌ಫಾಕ್ಸ್ ಜೊತೆಗೇ ಬರುತ್ತವೆ. ಕನ್ನಡಕ್ಕೆ ಏನು ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಬೇಕಾದ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ. ಫೈರ್‌ಫಾಕ್ಸ್‌ನ ಮೆನುಗಳೇ ಕನ್ನಡದಲ್ಲಿ ಸಿಗುತ್ತವೆ. ಕನ್ನಡ ಬಲ್ಲ ಸ್ವಯಂಸೇವಕರು ಕೂತು ಅನುವಾದಿಸಿದ್ದು ಅದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಕಂಪ್ಯೂಟರ್ ಪಾಠ ನಡೆಯುತ್ತಿರೋದು ಲಿನಕ್ಸ್‌ನಲ್ಲೇ. ಅಲ್ಲಿನ ಮಕ್ಕಳಿಗೆ ಆಗಿದ್ದು ನಮ್ಮ ಮಕ್ಕಳಿಗೆ ಯಾಕಾಗೋಲ್ಲ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ ಈ ನಕ್ಷೆಗೆ ಯಾರು ಬೇಕಾದರೂ ದಾರಿ ಸೇರಿಸಬಹುದು. ನಮ್ಮ ಮಕ್ಕಳು ಮನೆಯಿಂದ ಶಾಲೆಗೆ ಬರುವಾಗ ದಾಟುವ ಕಾಲುಸಂಕಗಳನ್ನು (ಹಳ್ಳದ ಮೇಲಿನ ಸಣ್ಣ ಸೇತುವೆಗಳನ್ನು) ಒಂದೊಂದಾಗಿ ಅದರಲ್ಲಿ ಗುರುತಿಸಿದರು. ಯಾವ ಸಂಕ ಮರದ್ದು, ಯಾವುದು ಸಿಮೆಂಟಿನದ್ದು, ಯಾವ ಹಳ್ಳದ ಹತ್ತಿರ ಮಳೆಗಾಲದಲ್ಲಿ ಸುತ್ತಿ ಬರಬೇಕು, ಎಲ್ಲಾ ಅವರಿಗೆ ಗೊತ್ತು. ತಮ್ಮೂರಿನ ಸಂಕ ಪರದೆ ಮೇಲೆ ಕಂಡಾಗ ಆ ಮಕ್ಕಳ ಮುಖ ನೋಡಬೇಕಿತ್ತು! ಈ ನಕ್ಷೆಯನ್ನು ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆಪ್‌ನಲ್ಲಿ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಬೇಡ. ಹುಲಿಕಲ್ ಘಾಟಿ, ಆಗುಂಬೆ ಕಡೆ ಓಡಾಡುವವರಿಗೆ ಇದರ ಬೆಲೆ ಗೊತ್ತು. ನೀವು ಎಲ್ಲಿಗೆ ಹೋದಿರಿ, ಎಷ್ಟು ಹೊತ್ತು ನಿಂತಿರಿ ಅಂತ ಆ ಆಪ್ ಯಾರಿಗೂ ವರದಿ ಕಳಿಸುವುದಿಲ್ಲ.

"ನಮ್ಮಲ್ಲಿ ಮುಚ್ಚಿಡೋಕೆ ಏನಿದೆ?" ಅನ್ನುವವರು ಮನೆಗೆ ಬಾಗಿಲು ಯಾಕೆ ಇಡಿಸಿದ್ದಾರೆ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಬಂತು, ಅದನ್ನು ಬಳಸುವ ಅಭ್ಯಾಸ ಬರಲಿಲ್ಲ. 2016ರಲ್ಲಿ ಅಮೆರಿಕದ ನ್ಯಾಯಾಂಗ ಸಿಗ್ನಲ್ ಎಂಬ ಮುಕ್ತ ಸಂದೇಶ ಆಪ್‌ನವರಿಂದ ಎರಡು ಫೋನ್ ನಂಬರ್‌ಗಳ ವಿವರ ಕೇಳಿತ್ತು. ಅವುಗಳಲ್ಲಿ ಖಾತೆ ಇದ್ದದ್ದು ಒಂದಕ್ಕೆ ಮಾತ್ರ. ಅವರ ಬಳಿ ಕೊಡೋಕೆ ಇದ್ದದ್ದು ಎರಡೇ ಸಂಗತಿ: ಖಾತೆ ತೆರೆದ ದಿನ, ಕೊನೆಯ ಸಲ ಬಂದ ದಿನ. ಕೂಡಿಡದೇ ಇದ್ದರೆ ಕದಿಯೋಕೂ ಏನೂ ಇರುವುದಿಲ್ಲ.

ಫೋನಿಗೆ ಮುಕ್ತ ಸಿಸ್ಟಂ ಹಾಕಿದರೆ ಬ್ಯಾಂಕ್ ಆಪ್ ನಡೆಯೋಲ್ಲ ಅಂತ ಕೆಲವರು ಹೆದರಿಸುತ್ತಾರೆ. ಅವರಿಗೆ ಅಂಗೈಯಗಲದ ಫೋನಿನಲ್ಲೇ ಬದುಕೆಲ್ಲ ನಡೆಯಬೇಕು. ಬ್ಯಾಂಕಿನ ಶಾಖೆ ಇನ್ನೂ ಊರಲ್ಲೇ ಇದೆ.

ವಿರೋಧ: ಕೆಟ್ಟಾಗ ಯಾರನ್ನು ಕರೆಯೋದು?
ತೆರಿಗೆ ಸಲಹೆಗಾರ, ಶಿವಮೊಗ್ಗ

ವಿರೋಧದ ಕಡೆ ಬರೆಯಿರಿ ಅಂದರು, ಒಪ್ಪಿಕೊಂಡೆ. ಮುಕ್ತ ತಂತ್ರಾಂಶದ ಮೇಲೆ ನನಗೆ ಕೋಪವೇನೂ ಇಲ್ಲ. ರಾತ್ರಿ ಯಕ್ಷಗಾನದ ವಿಡಿಯೊ ನೋಡೋದು ವಿಎಲ್‌ಸಿ ಪ್ಲೇಯರ್‌ನಲ್ಲೇ, ಅದೂ ಮುಕ್ತವೇ. ಆದರೆ ಎಲ್ಲರಿಗೂ, ಎಲ್ಲ ಕೆಲಸಕ್ಕೂ ಅದೇ ಇರಲಿ ಅನ್ನೋದನ್ನು ಒಪ್ಪಲಾರೆ.

ನನ್ನ ಹತ್ತಿರ ಬರುವ ಮಂಡಿಯವರ ಲೆಕ್ಕ ಟ್ಯಾಲಿಯಲ್ಲಿದೆ. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ಲಿನಕ್ಸ್‌ನಲ್ಲಿ ಹೇಗೋ ಓಡಿಸಬಹುದಂತೆ. ತಿಂಗಳ 20ಕ್ಕೆ ಜಿಎಸ್‌ಟಿ 3ಬಿ ರಿಟರ್ನ್ ಹಾಕಬೇಕಾದವನಿಗೆ "ಹೇಗೋ" ಸಾಲದು. ಹಳೆಯ ಕಂಪ್ಯೂಟರ್ ಉಳಿಯುತ್ತದೆ ಅನ್ನುತ್ತಾರೆ. ಇರಬಹುದು, ಹಳೆಯದು ಇವತ್ತಲ್ಲ ನಾಳೆ ಹೋಗುವಂಥದ್ದೇ.

ಎಲ್ಲರ ಕಣ್ಣಿಗೂ ಬೀಳುವ ಕೋಡ್, ಹಾಗಾಗಿ ಭದ್ರ ಅನ್ನುವ ಮಾತೂ ಇದೆ. ಇಂಟರ್‌ನೆಟ್‌ನಲ್ಲಿ ಹೋಗುವ ಮಾಹಿತಿಯನ್ನು ಕಾಯುವ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ 2014ರಲ್ಲಿ ಬಯಲಾಗುವ ಮೊದಲು ಸುಮಾರು ಎರಡು ವರ್ಷ ಅಲ್ಲೇ ಇತ್ತು. 2024ರಲ್ಲಿ ಎಕ್ಸ್‌ಜೆಡ್ ಎಂಬ ಸಣ್ಣ ಮುಕ್ತ ತಂತ್ರಾಂಶದೊಳಗೆ ಯಾರೋ ಬೇಕೆಂದೇ ಕಳ್ಳಬಾಗಿಲು ಸೇರಿಸಿದ್ದರು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಆಂಡ್ರೆಸ್ ಫ್ರಾಯಿಂಡ್ ಹುಡುಕುತ್ತಾ ಹೋದದ್ದಕ್ಕೆ ಅದು ಸಿಕ್ಕಿತು. ಅವರು ಮೈಕ್ರೋಸಾಫ್ಟ್‌ನ ಎಂಜಿನಿಯರ್.

ಇನ್ನು ನಮ್ಮ ದೊಡ್ಡಪ್ಪನ ವಿಷಯ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ಮಗ ಹೊರದೇಶದಲ್ಲಿ. ರಜೆಗೆ ಬಂದವನು ಅಪ್ಪನ ಫೋನಿನ ಸಿಸ್ಟಂ ತೆಗೆದು, ಯಾರೂ ಹಿಂಬಾಲಿಸದಂಥ ಬೇರೊಂದು ಮುಕ್ತ ಸಿಸ್ಟಂ ಹಾಕಿದ. ಪ್ರೀತಿಯಿಂದಲೇ ಹಾಕಿದ್ದು. ಅವನು ವಿಮಾನ ಹತ್ತಿದ ಮೇಲೆ ದೊಡ್ಡಪ್ಪ ಅಡಿಕೆ ಮಾರಿದರು. ದುಡ್ಡು ಖಾತೆಗೆ ಬಂತಾ ನೋಡೋಣ ಅಂದರೆ ಬ್ಯಾಂಕಿನ ಆಪ್ ತೆರೆಯಲೇ ಇಲ್ಲ. ಮೂಲ ಸಿಸ್ಟಂ ಬದಲಾಗಿದ್ದರೆ ಇಂಥ ಎಷ್ಟೋ ಆಪ್‌ಗಳು ಕೆಲಸ ಮಾಡುವುದಿಲ್ಲ. ಮಗನಿಗೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ. ಪೇಟೆಯ ಮೊಬೈಲ್ ಅಂಗಡಿಯವನು ತಿರುಗಿಸಿ ನೋಡಿ, "ಇದನ್ನ ನಾನು ಮುಟ್ಟಲ್ಲ ಸಾರ್" ಅಂತ ವಾಪಸ್ ಕೊಟ್ಟ. ಮಂಡಿನೋವಿನ ದೊಡ್ಡಪ್ಪ ಮಳೆಯಲ್ಲಿ ಬಸ್ಸು ಹಿಡಿದು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಬರೆಸಿಕೊಂಡು ಬಂದರು. "ಎಂತಕ್ಕೆ ಮಾರಾಯ ಇದೆಲ್ಲ?" ಅಂತ ನನ್ನನ್ನು ಕೇಳಿದರು. "ದುಡ್ಡು ಬಂತೋ ಇಲ್ವೋ ನೋಡಕ್ಕಾಗದಿದ್ರೆ ಈ ಫೋನ್ ಎಂತಕ್ಕೆ?"

ಶಿವಮೊಗ್ಗದಲ್ಲಿ ಗೊತ್ತಿದ್ದ ಒಬ್ಬ ಹುಡುಗನ ಕೈಲಿ ಮೊದಲಿನ ಸಿಸ್ಟಂ ಹಾಕಿಸಿ ಕೊಟ್ಟೆ. ಆ ಫೋನಿನಿಂದ ಮಾಹಿತಿ ಸೋರುತ್ತದೆ ಅನ್ನೋದು ನನಗೂ ಗೊತ್ತು, ಅದು ಸರಿ ಅಂತಲೂ ನಾನು ಹೇಳುವುದಿಲ್ಲ. ಶಾಲೆಯಲ್ಲಿ ಗೊತ್ತಿರುವ ಶಿಕ್ಷಕರಿದ್ದಾರೆ, ಅಲ್ಲಿ ಲಿನಕ್ಸ್ ಹಾಕಲಿ. ಒಂಟಿ ಮನೆಯ ಹಿರಿಯರಿಗೆ ಅಂಥವರು ಯಾರಿದ್ದಾರೆ? ಐಟಿಐಗಳಲ್ಲಿ ಇದನ್ನು ಕಲಿಸಲಿ. ತೀರ್ಥಹಳ್ಳಿ, ಸಾಗರ, ಸೊರಬದ ಅಂಗಡಿಗಳಲ್ಲಿ ರಿಪೇರಿ ಸಿಗುವಂತಾದ ದಿನ ನಾನೇ ದೊಡ್ಡಪ್ಪನಿಗೆ ಹಾಕಿಸಿಕೊಡುತ್ತೇನೆ.